ಮಾಲ್ಡಿ-ಟಾಫ್ ಕೊಳ್ಳುವ ಮುನ್ನ ನಿಮ್ಮ ಫ್ರೀಜರ್ ತೆರೆಯಿರಿ

ಎರಡು ಕಂಪನಿಗಳವರು ನಿಮ್ಮ ಆಸ್ಪತ್ರೆಗೆ ಬಂದು ರೋಗಾಣುಗಳ ಹೆಸರು ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ತೋರಿಸಿ ಹೋದರು, ಎರಡೂ ಒಂದೂ ತಪ್ಪದೆ ಹೆಸರು ಹೇಳಿದವು, ಇನ್ನು ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಅಂದು ಯಂತ್ರದೊಳಗೆ ಇಟ್ಟದ್ದು ಏನನ್ನು? ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಟ್ಯಾಫಿಲೊಕಾಕಸ್ ಆರಿಯಸ್ ಇಷ್ಟೇ ಆಗಿದ್ದರೆ ಆ ಪರೀಕ್ಷೆಯಿಂದ ನಿಮಗೆ ಏನೂ ತಿಳಿಯಲಿಲ್ಲ. ಇಂಥ ಯಂತ್ರಗಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯನ್ನು 2013ರಲ್ಲೇ ಪಡೆದಿವೆ. ದಿನನಿತ್ಯದ ಬ್ಯಾಕ್ಟೀರಿಯಾಗಳನ್ನು ಅವು ಗುರುತಿಸುತ್ತವೆಯೇ ಎಂಬುದು ಈಗ ಪ್ರಶ್ನೆಯೇ ಅಲ್ಲ.

ಯಂತ್ರ ಮಾಡುವುದು ಹೋಲಿಕೆಯನ್ನು. ಬೆಳೆಸಿದ ಸೂಕ್ಷ್ಮಜೀವಿಗಳ ಗುಂಪನ್ನು (ಕಾಲನಿ) ಲೋಹದ ಪ್ಲೇಟಿಗೆ ಸವರಿ, ಮೇಲೆ ಲೇಸರ್ ಬೆಳಕು ಹೀರುವ ರಾಸಾಯನಿಕ (ಮ್ಯಾಟ್ರಿಕ್ಸ್) ಹಾಕಿ ಒಣಗಿಸಿದ ಮೇಲೆ ಲೇಸರ್ ಬೀಳುತ್ತದೆ. ಸುಮಾರು 2,000ದಿಂದ 20,000 ಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಪ್ರೋಟೀನುಗಳು, ಬಹುಪಾಲು ರಿಬೊಸೋಮಿನವು, ನಿರ್ವಾತ ಕೊಳವೆಯಲ್ಲಿ ಹಾರುತ್ತವೆ. ಹಗುರವಾದದ್ದು ಮೊದಲು ಮುಟ್ಟುತ್ತದೆ, ಭಾರವಾದದ್ದು ತಡವಾಗಿ. ಹೀಗೆ ಮೂಡಿದ ಚಿತ್ರವನ್ನು ಯಂತ್ರ ತನ್ನ ಡೇಟಾಬೇಸಿನೊಡನೆ ಹೋಲಿಸುತ್ತದೆ. ಅಲ್ಲಿ ಇಲ್ಲದ ಸೂಕ್ಷ್ಮಜೀವಿ ಬಂದರೆ ಒಂದೋ ಸುಮ್ಮನಾಗುತ್ತದೆ, ಇಲ್ಲವೇ ಹತ್ತಿರದ ನೆಂಟನ ಹೆಸರು ಹೇಳುತ್ತದೆ. ನನಗೆ ಭಯವಿರುವುದು ಎರಡನೆಯದರ ಬಗ್ಗೆ.

ನಾನು ಕೆಲಸ ಮಾಡುವುದು ಕರಾವಳಿಯಲ್ಲಿ. ಮಳೆಗಾಲದಲ್ಲಿ ಮಣ್ಣು ನೀರಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯೊಯ್ಡೋಸಿಸ್ ಸೋಂಕಿನ ರೋಗಿಗಳು ಬರುತ್ತಾರೆ, ಹೆಚ್ಚಿನವರು ಮಧುಮೇಹ ಇರುವವರು, ಮಣ್ಣು ನೀರಿನಲ್ಲಿ ದುಡಿಯುವವರು. ಒಮ್ಮೆ ಒಬ್ಬ ರೈತರು ಬೇರೊಂದು ಪ್ರಯೋಗಾಲಯದ ವರದಿ ಹಿಡಿದು ಬಂದರು. ರಕ್ತದಲ್ಲಿ ಬರ್ಕೋಲ್ಡೇರಿಯಾ ಥೈಲ್ಯಾಂಡೆನ್ಸಿಸ್, ಬಹುಶಃ ಮಾದರಿಗೆ ಹೊರಗಿನಿಂದ ಸೇರಿದ್ದು ಎಂದು ಬರೆದಿತ್ತು. ಮನುಷ್ಯರಲ್ಲಿ ರೋಗ ತರುವುದೇ ಅಪರೂಪವಾದ ಬ್ಯಾಕ್ಟೀರಿಯಾ ಅದು. ಅವರ ದೇಹದಲ್ಲಿ ಇದ್ದದ್ದು ಅದರ ಒಡಹುಟ್ಟು, ಮೆಲಿಯೊಯ್ಡೋಸಿಸ್ ತರುವ ಬರ್ಕೋಲ್ಡೇರಿಯಾ ಸ್ಯೂಡೊಮಲ್ಲೈ. ಅದಕ್ಕೆ ಮೊದಲು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ರಕ್ತನಾಳದ ಮೂಲಕ ಕೊಡಬೇಕು, ಆಮೇಲೆ ಕನಿಷ್ಠ 3 ತಿಂಗಳು ಕೋಟ್ರೈಮೊಕ್ಸಜೋಲ್ ಮಾತ್ರೆ. ಯಂತ್ರ ‘ಗುರುತು ಸಿಗಲಿಲ್ಲ’ ಎಂದಿದ್ದರೆ ಯಾರಾದರೂ ಜೆಂಟಾಮೈಸಿನ್, ಕೊಲಿಸ್ಟಿನ್, ಕೊ-ಅಮಾಕ್ಸಿಕ್ಲಾವ್ ಎಂಬ ಆ್ಯಂಟಿಬಯಾಟಿಕ್ ಡಿಸ್ಕುಗಳನ್ನಾದರೂ ಇಟ್ಟು ನೋಡುತ್ತಿದ್ದರು. ಮೊದಲ ಎರಡಕ್ಕೆ ಬಗ್ಗದೆ ಮೂರನೆಯದಕ್ಕೆ ಬಗ್ಗಿದ್ದರೆ ಸಂಶಯ ಅಲ್ಲೇ ಹುಟ್ಟುತ್ತಿತ್ತು. ತಪ್ಪು ಹೆಸರು ಆ ಸಂಶಯವನ್ನೇ ಮುಚ್ಚಿಬಿಟ್ಟಿತು.

ಆದ್ದರಿಂದ ಪರೀಕ್ಷೆಗೆ ನಿಮ್ಮದೇ ಫ್ರೀಜರ್‌ನಲ್ಲಿ ಕಾಪಿಟ್ಟ ರೋಗಾಣು ತಳಿಗಳನ್ನು ಕೊಡಿ, ಅದರಲ್ಲೂ ನಿಮ್ಮನ್ನು ಕಾಡಿದವನ್ನು. ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರ ಇರಲೇಬೇಕು. ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ ಒಂದೆರಡು, ಆಮ್ಲಜನಕವಿಲ್ಲದೆ ಬೆಳೆಯುವವು ಕೆಲವು ಇರಲಿ. ಅವುಗಳ ನಿಜವಾದ ಹೆಸರು ಜೀನ್ ಸೀಕ್ವೆನ್ಸಿಂಗಿನಿಂದ ಮೊದಲೇ ಖಚಿತವಾಗಿರಲಿ, ಡಬ್ಬಿಗಳ ಮೇಲೆ ಸಂಖ್ಯೆ ಮಾತ್ರ ಇರಲಿ. ಪ್ರಯೋಗಾಲಯದವರಿಗೇ ಸೋಂಕು ತರಬಲ್ಲ ಬ್ರುಸೆಲ್ಲಾ, ಸ್ಯೂಡೊಮಲ್ಲೈಗಳನ್ನು ಜೀವಂತವಾಗಿ ಪ್ಲೇಟಿಗೆ ಸವರಬೇಡಿ. ಸುರಕ್ಷಾ ಕ್ಯಾಬಿನೆಟ್ಟಿನೊಳಗೆ ಎಥನಾಲ್ ಮತ್ತು ಫಾರ್ಮಿಕ್ ಆಮ್ಲದಿಂದ ಪ್ರೋಟೀನು ತೆಗೆದು, ಅದನ್ನಷ್ಟೇ ಯಂತ್ರಕ್ಕೆ ಕೊಡಿ.

ಸವರುವವರು ಕಂಪನಿಯ ತಜ್ಞರಾಗಿರಬಾರದು. ಅವರ ಕೈ ಸಾವಿರಾರು ಪ್ಲೇಟು ಸವರಿ ಪಳಗಿರುತ್ತದೆ. ನಿಮ್ಮಲ್ಲಿ ಕಳೆದ ತಿಂಗಳಷ್ಟೇ ಸೇರಿದ ತಂತ್ರಜ್ಞೆ ಸವರಲಿ. ಎಷ್ಟು ಸಲ ಮತ್ತೆ ಮಾಡಬೇಕಾಯಿತು ಎಂದು ಬರೆದಿಡಿ.

ಎರಡು ಯಂತ್ರಗಳು ಹೋಲಿಕೆಗೆ ಕೊಡುವ ಸ್ಕೋರುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಹೋಗಬೇಡಿ. ಬಯೊಟೈಪರ್ ಎಂಬ ಯಂತ್ರದಲ್ಲಿ 2.0 ದಾಟಿದರೆ ಪ್ರಭೇದದ ಮಟ್ಟದ ಗುರುತು, ವೈಟೆಕ್ ಎಂಎಸ್ ಎಂಬ ಇನ್ನೊಂದು ಯಂತ್ರ ಶೇಕಡಾವಾರು ವಿಶ್ವಾಸ ತೋರಿಸುತ್ತದೆ, ಅಳತೆಗೋಲೇ ಬೇರೆ. ಸರಿಯಾದ ಪ್ರಭೇದ, ಕುಲ ಮಾತ್ರ, ಗುರುತಿಲ್ಲ, ತಪ್ಪು ಹೆಸರು ಎಂದು ನಾಲ್ಕು ಕಂಬಸಾಲು ಹಾಕಿ ಎಣಿಸಿ. ನಾನಾದರೆ ನಾಲ್ಕನೆಯ ಕಂಬಸಾಲನ್ನೇ ಮೊದಲು ನೋಡುತ್ತೇನೆ. ಶಿಗೆಲ್ಲಾ ಮತ್ತು ಇ. ಕೋಲೈ, ನ್ಯುಮೊಕಾಕಸ್ ಮತ್ತು ಮೈಟಿಸ್ ಗುಂಪು, ಇವುಗಳಲ್ಲಿ ಈ ವಿಧಾನವೇ ಎಡವುತ್ತದೆ. ಅಲ್ಲಿ ತಂತ್ರಾಂಶ ನಿಮ್ಮನ್ನು ಎಚ್ಚರಿಸುತ್ತದೆಯೇ ಎಂಬುದನ್ನು ನೋಡಿ. ಶಿಗೆಲ್ಲಾ ಗುರುತಿಸುವ ಸೀರಂ, ನ್ಯುಮೊಕಾಕಸ್ ಗುರುತಿಸುವ ಆಪ್ಟೊಚಿನ್ ಡಿಸ್ಕು ಇವನ್ನು ಯಂತ್ರ ಬಂತೆಂದು ಎಸೆಯಬೇಡಿ.

ದರಪಟ್ಟಿಯಲ್ಲಿ ಡೇಟಾಬೇಸಿನ ಆವೃತ್ತಿ ಬರೆಸಿಕೊಳ್ಳಿ. ಡೆಮೊದಲ್ಲಿ ತೋರಿಸುವುದು ಸಂಶೋಧನೆಗೆಂದು ಇರುವ ದೊಡ್ಡ ಡೇಟಾಬೇಸ್, ಮಾರುವುದು ಬೇರೆ ಆಗಿರಬಹುದು. ಮೈಕೊಬ್ಯಾಕ್ಟೀರಿಯಾ, ಬೂಸ್ಟುಗಳ ಭಾಗಕ್ಕೆ ಪ್ರತ್ಯೇಕ ಹಣವೇ, ಲೇಸರ್ ಮತ್ತು ನಿರ್ವಾತ ಪಂಪು ವಾರ್ಷಿಕ ಒಪ್ಪಂದದೊಳಗೆ ಬರುತ್ತವೆಯೇ, ಎಂಜಿನಿಯರ್ ಯಾವ ಊರಿನಿಂದ ಬರಬೇಕು, ಎಲ್ಲವನ್ನೂ ಬರಹದಲ್ಲಿ ಕೇಳಿ. ಕರೆಂಟು ಹೋಗಿ ನಿರ್ವಾತ ಕೆಟ್ಟರೆ ಯಂತ್ರ ಮತ್ತೆ ಸಜ್ಜಾಗಲು ಗಂಟೆಗಟ್ಟಲೆ ಹಿಡಿಯಬಹುದು, ಹಾಗಾಗಿ ಯುಪಿಎಸ್ ವೆಚ್ಚವನ್ನೂ ಸೇರಿಸಿ. ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆಗೆ ಬೇರೆ ವ್ಯವಸ್ಥೆ ಬೇಕೇ ಬೇಕು ಎಂಬುದನ್ನು ಆಡಳಿತದವರಿಗೆ ಈಗಲೇ ಹೇಳಿಬಿಡಿ.

ಈ ದಾಖಲೆಗಳೆಲ್ಲ ವ್ಯರ್ಥವಾಗುವುದಿಲ್ಲ, ವೈದ್ಯಕೀಯ ಪ್ರಯೋಗಾಲಯಗಳ ಗುಣಮಟ್ಟದ ಐಎಸ್‌ಒ 15189 ಮಾನ್ಯತೆಗೆ ಬೇಕಾದ ತಾಳೆ ಪರೀಕ್ಷೆಗೂ ಆಧಾರವಾಗುತ್ತವೆ. ಅಪರೂಪದ ತಳಿಗಳು ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜನ್ನು ಕೇಳಿ. ಶಿಲೀಂಧ್ರಗಳಿಗೆ ಚಂಡೀಗಢದ ವೈದ್ಯಕೀಯ ಸಂಸ್ಥೆ ಪಿಜಿಐಎಂಇಆರ್‌ನಲ್ಲಿ ರಾಷ್ಟ್ರೀಯ ಸಂಗ್ರಹವೇ ಇದೆ. ಅನುಮತಿ, ಸಾಗಣೆ ಎಂದು ದಿನಗಳು ಹಿಡಿಯುತ್ತವೆ. ಖರೀದಿ ಸಮಿತಿ ಸಭೆ ಸೇರುವ ಮೊದಲೇ ಪತ್ರ ಬರೆಯಿರಿ.