ಎರಡು ಮೈಕು, ಒಂದು ಫೋನು

ಪ್ರಶ್ನೆ: ನ್ಯೂಯಾರ್ಕಿನ ರೇಡಿಯೋದಲ್ಲಿ ‘ಮೈಕ್ ಅಂಡ್ ದ ಮ್ಯಾಡ್ ಡಾಗ್’ ಅಂತ ಒಂದು ಕಾರ್ಯಕ್ರಮ ಸುಮಾರು 19 ವರ್ಷ ನಡೆಯಿತಂತೆ. ಹಾಡಿಲ್ಲ, ಆಟದ ಕಾಮೆಂಟರಿ ಇಲ್ಲ, ಬರೀ ಕ್ರೀಡೆ ಬಗ್ಗೆ ಇಬ್ಬರ ಮಾತು. ಜನ ಅದನ್ನು ಹೇಗೆ ಕೇಳಿದರು?

ಉತ್ತರ: ನಿನ್ನೆ ರಾತ್ರಿ ಬೇಸ್‌ಬಾಲ್‌ನಲ್ಲಿ ನಿಮ್ಮ ತಂಡ ಸೋತಿದೆ ಅಂದುಕೊಳ್ಳಿ. ಕೊನೆಯ ಇನ್ನಿಂಗ್ಸ್‌ನಲ್ಲಿ ಸುಸ್ತಾಗಿದ್ದ ಪಿಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ಮ್ಯಾನೇಜರ್ ಬದಲಾಯಿಸಲೇ ಇಲ್ಲ. ಬೆಳಗ್ಗೆಯಿಂದ ಆ ಸಿಟ್ಟು ಹೊಟ್ಟೆಯೊಳಗೇ ಕುದಿಯುತ್ತಿದೆ, ಹೇಳಿಕೊಳ್ಳೋಕೆ ಆಫೀಸಿನಲ್ಲಿ ಯಾರೂ ಇಲ್ಲ. ಸಂಜೆ ಕಾರು ಹತ್ತಿ, ಸೇತುವೆ ಮೇಲೆ ಇಂಚಿಂಚೇ ಸರಿಯುವ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ರೇಡಿಯೋ ಹಾಕಿದರೆ, ಅಲ್ಲಿ ಇಬ್ಬರು ಅದೇ ಪಿಚರ್ ಬಗ್ಗೆ ನಿಮಗಿಂತ ಜಾಸ್ತಿ ಸಿಟ್ಟಿನಲ್ಲಿ ವಾದ ಮಾಡುತ್ತಿದ್ದಾರೆ. ಆಫ್ ಮಾಡೋಕೆ ಮನಸ್ಸು ಬರುತ್ತಾ?

ಆ ಊರೂ ಹಾಗೇ ಇದೆ. ಬೇಸ್‌ಬಾಲ್‌ಗೆ ಯಾಂಕೀಸ್ ಮತ್ತು ಮೆಟ್ಸ್, ಅಮೆರಿಕನ್ ಫುಟ್‌ಬಾಲ್‌ಗೆ ಜೈಂಟ್ಸ್ ಮತ್ತು ಜೆಟ್ಸ್. ಒಂದೇ ಮನೆಯಲ್ಲಿ ಎರಡು ಪಕ್ಷ. 2000ದಲ್ಲಿ ಯಾಂಕೀಸ್, ಮೆಟ್ಸ್ ಎರಡೂ ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲೇ ಎದುರಾದವು, ಯಾಂಕೀಸ್ 4-1ರಲ್ಲಿ ಗೆದ್ದಿತು. ಅಂಥ ಊರಲ್ಲಿ ಮಾತಿಗೆ ಬರ ಬರೋದಿಲ್ಲ.

ಕಾರ್ಯಕ್ರಮ ಬರುತ್ತಿದ್ದದ್ದು ಡಬ್ಲ್ಯುಎಫ್‌ಎಎನ್ ಕೇಂದ್ರದಲ್ಲಿ. ಜನ ಅದನ್ನು ‘ದ ಫ್ಯಾನ್’ ಅಂತಲೇ ಕರೆಯುತ್ತಾರೆ. 1987ರ ಜುಲೈ 1ರಂದು ಶುರುವಾದಾಗ, ದಿನದ 24 ಗಂಟೆಯೂ ಕ್ರೀಡೆ ಬಗ್ಗೆ ಮಾತಾಡಿ ಬದುಕೋದು ಸಾಧ್ಯವೇ ಅಂತ ಅನುಮಾನ ಪಟ್ಟವರು ಬಹಳ ಮಂದಿ. ಮೊದಲ ದಿನಗಳು ಕಷ್ಟದವೇ. 1988ರ ಅಕ್ಟೋಬರ್‌ನಲ್ಲಿ 660 ಎಎಂ ತರಂಗಾಂತರಕ್ಕೆ ಬಂದ ಮೇಲೆ, ಅಂದರೆ ಇನ್ನೂ ಒಳ್ಳೆಯ ಸಿಗ್ನಲ್ ಸಿಕ್ಕ ಮೇಲೆ, ಕೇಂದ್ರ ಉಸಿರಾಡಿತು. ಮರುವರ್ಷ ಸೆಪ್ಟೆಂಬರ್ 5ಕ್ಕೆ ಈ ಜೋಡಿ ಮಧ್ಯಾಹ್ನದ ಮೈಕ್ ಹಿಡಿಯಿತು.

ಪ್ರಶ್ನೆ: ಅವರಿಬ್ಬರೂ ಮಾಜಿ ಆಟಗಾರರಾ?

ಉತ್ತರ: ಅಲ್ಲ. ನನಗೆ ತುಂಬ ಇಷ್ಟವಾಗುವ ವಿಷಯವೇ ಅದು. ಮೈಕ್ ಫ್ರಾನ್ಸೆಸಾ ಸಿಬಿಎಸ್ ಟೀವಿಯಲ್ಲಿ ಅಂಕಿಅಂಶ, ಮಾಹಿತಿ ಹುಡುಕಿ ಕೊಡುವ ಕೆಲಸದಿಂದ ಮೇಲೆ ಬಂದವರು. ‘ಮ್ಯಾಡ್ ಡಾಗ್’ ಅನ್ನೋ ಅಡ್ಡಹೆಸರಿನ ಕ್ರಿಸ್ ರುಸ್ಸೋ ಮೊದಲಿನಿಂದಲೂ ರೇಡಿಯೋದವರು. ಮೈಕ್ ನಿಧಾನ, ಗಂಭೀರ, ಹೇಳಿದ್ದೇ ಕೊನೆಯ ಮಾತು ಅನ್ನುವ ಧಾಟಿ. ರುಸ್ಸೋ ಅಂದರೆ ಕಟ್ಟೆ ಒಡೆದ ನೀರು. ಕಾರ್ಯಕ್ರಮ ಶುರುವಾಗುವಾಗ ಮೊದಲ ಪದವನ್ನೇ ಎಳೆದೆಳೆದು ಕೂಗಿ, ಆಮೇಲೆ ‘ಗುಡ್ ಆಫ್ಟರ್‌ನೂನ್ ಎವ್ರಿಬಡಿ’ ಅನ್ನುತ್ತಿದ್ದರು. ಹಳೆಯ ರೆಕಾರ್ಡಿಂಗ್ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಬೆಳೆದರೂ ರುಸ್ಸೋ ಬೇಸ್‌ಬಾಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಕಡೆ. ಮೈಕ್ ಯಾಂಕೀಸ್ ಕಡೆ. ಜಗಳ ಹುಟ್ಟಿಸಬೇಕಾಗಿಯೇ ಇರಲಿಲ್ಲ, ಮೊದಲೇ ಇತ್ತು.

ಪ್ರಶ್ನೆ: ನಾನೂ ಗೆಳೆಯನೂ ಸೇರಿ ಕ್ರೀಡೆಯ ಪಾಡ್‌ಕಾಸ್ಟ್ ಶುರುಮಾಡಿದ್ದೇವೆ. ಇಬ್ಬರೂ ಒಳ್ಳೆ ತಯಾರಿ ಮಾಡುತ್ತೇವೆ, ಆದರೂ ಸಪ್ಪೆ ಅನ್ನಿಸುತ್ತದೆ. ಸುಮ್ನೆ ಜಗಳ ಮಾಡಿದ ಹಾಗೆ ಮಾಡಬೇಕಾ?

ಉತ್ತರ: ದಯವಿಟ್ಟು ಬೇಡ. ನಾಟಕದ ಜಗಳ ಕೇಳುಗರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮೈಕ್ ಮತ್ತು ರುಸ್ಸೋ ನಿಜವಾಗಿಯೂ ಮುನಿಸಿಕೊಳ್ಳುತ್ತಿದ್ದರು, ಪ್ರಸಾರ ಮುಗಿದ ಮೇಲೂ ಮಾತು ಬಿಟ್ಟ ಕಾಲವಿತ್ತು. ಹಾಗಂತ ನೀವು ಗೆಳೆತನ ಕೆಡಿಸಿಕೊಳ್ಳಿ ಅನ್ನುತ್ತಿಲ್ಲ. ನಿಮ್ಮ ಸಮಸ್ಯೆ ಬೇರೆ ಇರಬಹುದು. ರೆಕಾರ್ಡ್ ಮಾಡುವ ಮೊದಲೇ ಎಲ್ಲವನ್ನೂ ಮಾತಾಡಿ ಮುಗಿಸಿರುತ್ತೀರಿ, ಅಲ್ವಾ? ಆಮೇಲೆ ಮೈಕ್ ಮುಂದೆ ಇರೋದು ತಂಗಳು. ತಯಾರಿ ಬೇರೆ ಬೇರೆಯಾಗಿ ಮಾಡಿ. ಅವನು ಏನು ಹೇಳುತ್ತಾನೆ ಅಂತ ನಿಮಗೆ ಗೊತ್ತಿರಬಾರದು. ಅವನು ಹೇಳಿದ್ದು ಒಪ್ಪಿಗೆ ಆಗದಿದ್ದರೆ ಅಲ್ಲೇ ತಡೆದು ಕೇಳಿ, ಮುಂದಿನ ವಿಷಯಕ್ಕೆ ಹಾರಬೇಡಿ.

ಇನ್ನೊಂದು, ಮೂರನೇ ದನಿ ಬೇಕು. ಆ ಕಾರ್ಯಕ್ರಮದ ಅರ್ಧ ಜೀವ ಇದ್ದದ್ದು ಫೋನಿನಲ್ಲಿ. ಇಂಥ ಕಡೆ ಒಳಗೆ ಒಬ್ಬರು ಕರೆ ತೆಗೆದುಕೊಂಡು, ಯಾರು, ಎಲ್ಲಿಂದ, ಏನು ವಿಷಯ ಅಂತ ಬರೆದು ಕಾರ್ಯಕ್ರಮ ನಡೆಸುವವರ ಪರದೆಗೆ ಕಳಿಸುತ್ತಾರೆ. ಕಾದು ಕಾದು ಕೊನೆಗೆ ಸರದಿ ಬಂದಾಗ ಕೇಳುಗ ‘ಫಸ್ಟ್ ಟೈಮ್, ಲಾಂಗ್ ಟೈಮ್’ ಅಂತ ಶುರುಮಾಡುತ್ತಾನೆ. ಫೋನ್ ಮಾಡಿದ್ದು ಇದೇ ಮೊದಲು, ಕೇಳುತ್ತಿರೋದು ಮಾತ್ರ ಬಹಳ ಕಾಲದಿಂದ ಅಂತ ಅದರ ಅರ್ಥ. ಆ ನಾಲ್ಕು ಪದದಲ್ಲಿ ಎಷ್ಟು ಸಂಕೋಚ, ಎಷ್ಟು ಹಕ್ಕು ಇದೆ ನೋಡಿ. ನಿಮ್ಮದು ನೇರ ಪ್ರಸಾರ ಅಲ್ಲದಿದ್ದರೂ ಕೇಳುಗರ ಧ್ವನಿ ಸಂದೇಶ ತರಿಸಿಕೊಳ್ಳಬಹುದು. ನಿಮ್ಮನ್ನು ಬೈದದ್ದನ್ನೂ ಹಾಕಿ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದ ಜೋಡಿ ಯಾಕೆ ಒಡೆಯಿತು?

ಉತ್ತರ: ಅಷ್ಟು ವರ್ಷ ದಿನಾ ಗಂಟೆಗಟ್ಟಲೆ ಒಂದೇ ಕೋಣೆ, ಒಂದೇ ಮೇಜು. 2002ರಿಂದ ಯೆಸ್ ನೆಟ್‌ವರ್ಕ್ ಟೀವಿಯಲ್ಲೂ ಬರುತ್ತಿತ್ತು, ಹಾಗಾಗಿ ಮುಖ ಸಿಂಡರಿಸಿದ್ದೂ ಜನರಿಗೆ ಕಾಣುತ್ತಿತ್ತು. 2008ರ ಹೊತ್ತಿಗೆ ಬಿರುಕು ಎಲ್ಲರಿಗೂ ಗೊತ್ತಿತ್ತು. ಆ ಆಗಸ್ಟ್‌ನಲ್ಲಿ ರುಸ್ಸೋ ಕೇಂದ್ರ ಬಿಟ್ಟು ಸಿರಿಯಸ್ ಎಕ್ಸ್‌ಎಂ ಉಪಗ್ರಹ ರೇಡಿಯೋಗೆ ಹೋದರು, ಅಲ್ಲಿ ಅವರ ಅಡ್ಡಹೆಸರಿನಲ್ಲೇ ಒಂದು ಚಾನೆಲ್ ಬಂತು. ಮೈಕ್ ಒಬ್ಬರೇ ಮುಂದುವರಿಸಿದರು. 2016ರ ಮಾರ್ಚ್‌ನಲ್ಲಿ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಇಬ್ಬರೂ ಮತ್ತೆ ಒಟ್ಟಿಗೆ ಕೂತರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರೋದು 2008ರ ಆ ವಿದಾಯ. ಕೆಲಸ ಬಿಟ್ಟ ಮೇಲೆ ಮೈಕ್ ಒಬ್ಬರೇ ಕೂತಿದ್ದ ಕಾರ್ಯಕ್ರಮಕ್ಕೆ ರುಸ್ಸೋ ಫೋನ್ ಮಾಡಿದರು. 19 ವರ್ಷ ಬೇರೆಯವರ ಕರೆ ತೆಗೆದುಕೊಂಡವರು ಅವತ್ತು ತಾವೇ ಕರೆ ಮಾಡಿದವರು. ಮಾತಾಡುತ್ತಾ ಮಾತಾಡುತ್ತಾ ಇಬ್ಬರ ಗಂಟಲೂ ಕಟ್ಟಿತು.