ಸೌಂಡ್‌ಬಾರ್ ಮಾತಾಡ್ತಿಲ್ಲ ಅಂತ ಹೊಸ ಕೇಬಲ್ ತರಬೇಡಿ

ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್ ತಗೊಳ್ಳಲಾ, ಬೆಳಕಿನ ಮೂಲಕ ಶಬ್ದ ಒಯ್ಯುವ ಆಪ್ಟಿಕಲ್ ಕೇಬಲ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹೊಸ ಸೌಂಡ್‌ಬಾರ್ (ಟಿವಿ ಕೆಳಗಿಡುವ ಉದ್ದನೆಯ ಸ್ಪೀಕರ್) ಇದ್ದರೂ ಶಬ್ದ ಟಿವಿಯಿಂದಲೇ ಬರ್ತಿದೆ ಅಂದಿರಲ್ಲ, ಥೇಟ್ ನಮ್ಮನೆ ಕಥೆ.

ದಸರಾ ಆಫರ್‌ನಲ್ಲಿ ತಂದಿದ್ದೆವು. ಅತ್ತೆಗೆ ಧಾರಾವಾಹಿಯ ಮಾತು ಕೇಳಿಸುತ್ತಿರಲಿಲ್ಲ, ಹಿನ್ನೆಲೆ ಸಂಗೀತ ಮಾತ್ರ ಕಿವಿಗೆ ಬಡಿಯುತ್ತಿತ್ತು. ಡಬ್ಬದಲ್ಲಿದ್ದ ಕೇಬಲನ್ನು ಎರಡೂ ಕಡೆ 'ಆರ್ಕ್' (ARC) ಅಂತ ಬರೆದಿರುವ, ಟಿವಿಯ ಶಬ್ದ ಸೌಂಡ್‌ಬಾರ್‌ಗೆ ಹೋಗುವ ಪೋರ್ಟ್‌ಗೇ ಹಾಕಿದೆ. ದೀಪ ಹತ್ತಿತು, ಸದ್ದಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಮೇಡಂ, ಜೊತೇಲಿ ಬರೋ ಕೇಬಲ್ ಸುಮ್ನೆ ಲೆಕ್ಕಕ್ಕೆ, ಒಳ್ಳೇದು ತಗೊಳ್ಳಿ" ಅಂದರು. 1,800 ರೂಪಾಯಿ ಕೊಟ್ಟು ತಂದೆ. ಹೆಣೆದ ಹೊದಿಕೆ, ಹಳದಿ ಮೂತಿ, ನೋಡೋಕೆ ಚೆಂದ. ಆದರೂ ಸದ್ದಿಲ್ಲ.

ಎಡವಟ್ಟು ಆಗಿದ್ದು ಅದಕ್ಕೂ ಎಷ್ಟೋ ತಿಂಗಳು ಮೊದಲು. ಟಿವಿಗೆ ಚುಚ್ಚಿದ ಸ್ಟ್ರೀಮಿಂಗ್ ಸ್ಟಿಕ್ ಮಧ್ಯರಾತ್ರಿ ತಾನೇ ಎದ್ದು ಟಿವಿಯನ್ನೂ ಎಬ್ಬಿಸುತ್ತಿತ್ತು. ಹಾಲ್‌ನಲ್ಲಿ ಮಲಗುವ ಅತ್ತೆ ಹೆದರಿಹೋದರು. ಇದಕ್ಕೆಲ್ಲ ಕಾರಣ ಸಿಇಸಿ (CEC), ಅಂದರೆ ಎಚ್‌ಡಿಎಂಐನಲ್ಲಿ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ ಅಂತ ಗೊತ್ತಾಗಿ ಟಿವಿಯ ಮೆನುವಿನಲ್ಲಿ ಅದನ್ನು ಆಫ್ ಮಾಡಿ, ಆಮೇಲೆ ಮರೆತೇಬಿಟ್ಟೆ.

ಇಲ್ಲೇ ಇರೋದು ವಿಷಯ, ಸ್ವಲ್ಪ ಉದ್ದ ಆದರೂ ಹೇಳ್ತೀನಿ. ಎಚ್‌ಡಿಎಂಐ ಮೂತಿಯಲ್ಲಿ 19 ಪಿನ್ ಇರುತ್ತವೆ. 13ನೆಯದು ಸಿಇಸಿಯದು. "ಆನ್ ಆಗು, ವಾಲ್ಯೂಮ್ ಏರಿಸು" ಅಂತ ಸಾಧನಗಳು ಒಂದಕ್ಕೊಂದು ಹೇಳಿಕೊಳ್ಳುವುದು ಅದರಲ್ಲಿ. ಟಿವಿಯ ಶಬ್ದ ಸೌಂಡ್‌ಬಾರ್‌ಗೆ ವಾಪಸ್ ಹೋಗುವುದು 14ರಲ್ಲಿ. ತಂತಿ ಬೇರೆ ಬೇರೆಯೇ, ಆದರೆ "ಈಗ ಆರ್ಕ್ ಶುರು ಮಾಡೋಣ" ಅಂತ ಒಪ್ಪಂದ ಆಗಬೇಕಾದ್ದು ಸಿಇಸಿಯಲ್ಲಿ. ಅದನ್ನೇ ಮುಚ್ಚಿದರೆ ಹೆಚ್ಚಿನ ಟಿವಿಗಳು ಶಬ್ದ ಕಳಿಸುವುದೇ ಇಲ್ಲ. ಕೇಬಲ್‌ಗೆ ಚಿನ್ನ ಬಳಿದರೇನು, ವಜ್ರ ಕಟ್ಟಿದರೇನು? ನಾನು ಸಿಇಸಿಯನ್ನು ಸ್ಟಿಕ್‌ನ ಸೆಟ್ಟಿಂಗ್ಸ್‌ನಲ್ಲಿ ಮಾತ್ರ ಆಫ್ ಮಾಡಬೇಕಿತ್ತು. ಟಿವಿಯಲ್ಲಿ ಮಾಡಿದ್ದಕ್ಕೆ ಇಡೀ ಮನೆಗೆ ಬೀಗ ಬಿತ್ತು. ಸ್ಲೀಪ್ ಟೈಮರ್ ಹುಡುಕುವಾಗ ಆ ಸಾಲು ಕಣ್ಣಿಗೆ ಬಿತ್ತು. ಆನ್ ಮಾಡಿದ ತಕ್ಷಣ ಸೌಂಡ್‌ಬಾರ್‌ನಿಂದ ಜಾಹೀರಾತು ಕೂಗಿತು.

ಹಾಗಾಗಿ ಮೊದಲು ಮೆನು ನೋಡಿ. ಸಿಇಸಿ ಅಂತ ಹುಡುಕಿದರೆ ಸಿಗದೇ ಇರಬಹುದು, ಒಬ್ಬೊಬ್ಬರದು ಒಂದೊಂದು ಹೆಸರು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಅದನ್ನು ಆನ್ ಮಾಡಿ, ಸೌಂಡ್ ಔಟ್‌ಪುಟ್‌ನಲ್ಲಿ ಆರ್ಕ್ ಆರಿಸಿ. ಆಮೇಲೆ ಟಿವಿ, ಸೌಂಡ್‌ಬಾರ್ ಎರಡರ ಪ್ಲಗ್ಗೂ ಗೋಡೆಯಿಂದ ಕಿತ್ತು ಕೆಲವು ನಿಮಿಷ ಬಿಟ್ಟು ಹಾಕಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಆಗಲೂ ಮೌನ ಅಂದರೆ ಟಿವಿಯ ಆಡಿಯೋ ಫಾರ್ಮ್ಯಾಟನ್ನು ಪಿಸಿಎಂಗೆ (PCM, ಅಂದರೆ ಕುಗ್ಗಿಸದೆ ಕಳಿಸುವ ಶಬ್ದಕ್ಕೆ) ಬದಲಿಸಿ. ಟಿವಿ ಕುಗ್ಗಿಸಿ ಕಳಿಸುವ ಶಬ್ದವನ್ನು ಬಿಚ್ಚೋಕೆ ಕೆಲವು ಸೌಂಡ್‌ಬಾರ್‌ಗೆ ಬರಲ್ಲ. ಪಿಸಿಎಂನಲ್ಲಿ ಆರ್ಕ್ ಮೇಲೆ ಬರೀ ಸ್ಟೀರಿಯೋ ಸಿಗುತ್ತೆ ನಿಜ, ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತೆ.

ಆಪ್ಟಿಕಲ್ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಅದರಲ್ಲಿ ಸಿಇಸಿ ಹೋಗಲ್ಲ, ಹಾಗಾಗಿ ಸಾಮಾನ್ಯವಾಗಿ ಟಿವಿ ರಿಮೋಟ್‌ನಿಂದ ವಾಲ್ಯೂಮ್ ಬದಲಾಗಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಎರಡು ರಿಮೋಟ್ ಕೊಟ್ಟು ನೋಡಿ, ಗೊತ್ತಾಗುತ್ತೆ! ಆರ್ಕ್ ಬಂದಿದ್ದು 2009ರ ಎಚ್‌ಡಿಎಂಐ 1.4ರ ಜೊತೆ. ನಿಮ್ಮ ಟಿವಿ ಅದಕ್ಕಿಂತ ಹಳೇದು, ಅಥವಾ ಯಾವ ಪೋರ್ಟ್ ಮೇಲೂ ಆರ್ಕ್ ಅಂತ ಬರೆದಿಲ್ಲ ಅಂದರೆ ಮಾತ್ರ ಆಪ್ಟಿಕಲ್ ತನ್ನಿ. ಆಗ ತುದಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಟೋಪಿ ತೆಗೆಯೋದು ಮರೀಬೇಡಿ, ಪಾರದರ್ಶಕ ಆದ್ದರಿಂದ ಕಣ್ಣಿಗೇ ಬೀಳಲ್ಲ. ಒಂದು ತುದಿ ಟಿವಿಗೆ ಹಾಕಿದಾಗ ಇನ್ನೊಂದರಲ್ಲಿ ಕೆಂಪು ಬೆಳಕು ಕಾಣಬೇಕು.