ಕತ್ತಿಹಲ್ಲಿನ ಹುಲಿ ಇಂದಿನ ಹುಲಿಯ ಪೂರ್ವಜವೇ?

ಪ್ರಶ್ನೆ: ಹಿಮಯುಗದಲ್ಲಿ ಬಾಳಿದ ಕತ್ತಿಹಲ್ಲಿನ ಹುಲಿಯಿಂದಲೇ ಇಂದಿನ ಹುಲಿಗಳು ಬಂದವೇ? ಅದು ಸಿಂಹಕ್ಕಿಂತ ಬಹಳ ದೊಡ್ಡದಾಗಿತ್ತೆಂದು ಓದಿದ್ದೇನೆ. ಮೂಳೆಗಳನ್ನಷ್ಟೇ ನೋಡಿ ತೂಕವನ್ನು ಹೇಗೆ ಹೇಳುತ್ತಾರೆ?

ಉತ್ತರ: ಅದು ಹುಲಿಯ ಪೂರ್ವಜವಲ್ಲ, ಹತ್ತಿರದ ಬಂಧುವೂ ಅಲ್ಲ. ‘ಹುಲಿ’ ಎಂಬುದು ರೂಢಿಯಿಂದ ಅಂಟಿಕೊಂಡ ಹೆಸರು. ಬ್ರೆಜಿಲಿನ ಗುಹೆಗಳಲ್ಲಿ ದೊರೆತ ಪಳೆಯುಳಿಕೆಗಳನ್ನು ಆಧರಿಸಿ, ಡೆನ್ಮಾರ್ಕಿನ ಪ್ರಕೃತಿವಿಜ್ಞಾನಿ ಪೀಟರ್ ವಿಲ್ಹೆಲ್ಮ್ ಲುಂಡ್ ಅವರು 1842ರಲ್ಲಿ ಇದಕ್ಕೆ ಸ್ಮೈಲೋಡಾನ್ ಎಂದು ಹೆಸರಿಟ್ಟರು. ಮೂಳೆಗಳಲ್ಲಿ ಉಳಿದಿದ್ದ ಡಿಎನ್‌ಎಯನ್ನು ಇಂದಿನ ಪ್ರಾಣಿಗಳ ಡಿಎನ್‌ಎಯೊಂದಿಗೆ ಹೋಲಿಸಿದಾಗ, ಹುಲಿ, ಸಿಂಹಗಳೂ ಸೇರಿದಂತೆ ಈಗ ಬದುಕಿರುವ ಎಲ್ಲ ಬೆಕ್ಕುಗಳ ವಂಶದಿಂದ ಕತ್ತಿಹಲ್ಲಿನ ವಂಶವು ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕವಲೊಡೆದಿತ್ತೆಂದು ತಿಳಿದುಬಂದಿದೆ. ಅಂದರೆ ಹುಲಿಗೆ ಸ್ಮೈಲೋಡಾನ್‌ಗಿಂತ ಮನೆಯ ಬೆಕ್ಕೇ ಹತ್ತಿರದ ನೆಂಟ.

ಗಾತ್ರದ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಸ್ಮೈಲೋಡಾನ್‌ನ ಮೂರು ಪ್ರಭೇದಗಳಲ್ಲಿ ಚಿಕ್ಕದಾದ ಗ್ರ್ಯಾಸಿಲಿಸ್ 55ರಿಂದ 100 ಕಿಲೋ, ಉತ್ತರ ಅಮೆರಿಕದ ಫೇಟಾಲಿಸ್ 160ರಿಂದ 280 ಕಿಲೋ, ದಕ್ಷಿಣ ಅಮೆರಿಕದ ಪಾಪ್ಯುಲೇಟರ್ 220ರಿಂದ 400 ಕಿಲೋ ತೂಗುತ್ತಿದ್ದವೆಂಬ ಅಂದಾಜಿದೆ. ದೇಹದ ಭಾರವನ್ನು ಹೊರುವುದು ತೋಳಿನ ಮತ್ತು ತೊಡೆಯ ಮೂಳೆಗಳಾದ್ದರಿಂದ, ಬದುಕಿರುವ ಬೆಕ್ಕುಗಳಲ್ಲಿ ಆ ಮೂಳೆಗಳ ದಪ್ಪಕ್ಕೂ ತೂಕಕ್ಕೂ ಇರುವ ಸಂಬಂಧವನ್ನು ಮೊದಲು ಕಂಡುಕೊಂಡು, ಆ ಲೆಕ್ಕವನ್ನೇ ಪಳೆಯುಳಿಕೆಗಳಿಗೂ ಅನ್ವಯಿಸುತ್ತಾರೆ. ಇಲ್ಲೊಂದು ತೊಡಕಿದೆ. ಬೇಟೆಯನ್ನು ಕೆಡವಿ ನೆಲಕ್ಕೆ ಅದುಮಿ ಹಿಡಿಯುತ್ತಿದ್ದ ಸ್ಮೈಲೋಡಾನ್‌ನ ತೋಳಿನ ಮೂಳೆ ಅಸಾಧಾರಣವಾಗಿ ದಪ್ಪವಾಗಿತ್ತು. ಅದೊಂದನ್ನೇ ಅಳೆದರೆ ಪ್ರಾಣಿ ಇದ್ದುದಕ್ಕಿಂತ ಭಾರವಾಗಿ ಕಂಡೀತು. ಆದ್ದರಿಂದ 400 ಕಿಲೋ ಎಂಬುದನ್ನು ಅಂದಾಜಿನ ಮೇಲಿನ ಅಂಚೆಂದು ತಿಳಿಯಬೇಕೇ ಹೊರತು, ಸಾಮಾನ್ಯ ತೂಕವೆಂದು ಹೇಳುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಇಂದಿನ ದೊಡ್ಡ ಬೆಕ್ಕುಗಳ ನಿಜವಾದ ಬಂಧುವನ್ನು ನೋಡಬೇಕೆಂದರೆ ಹಿಮಯುಗದಲ್ಲೇ ಬಾಳಿದ ಗುಹಾಸಿಂಹದತ್ತ ತಿರುಗಬೇಕು. ಹುಲಿ, ಸಿಂಹ, ಚಿರತೆಗಳಿರುವ ಪ್ಯಾಂಥೆರಾ ಕುಲಕ್ಕೇ ಸೇರಿದ ಅದು ಸಿಂಹಕ್ಕೆ ತೀರ ಹತ್ತಿರದ್ದು. ಫ್ರಾನ್ಸಿನ ಶೋವೆ ಗುಹೆಯ ಗೋಡೆಗಳ ಮೇಲೆ ಆ ಕಾಲದ ಮನುಷ್ಯರು ಅದರ ಗಂಡನ್ನು ಕೇಸರವಿಲ್ಲದೆ ಚಿತ್ರಿಸಿದ್ದಾರೆ. ಸೈಬೀರಿಯಾದ ಯಾಕೂತಿಯಾದಲ್ಲಿ ಹೆಪ್ಪುಗಟ್ಟಿದ ನೆಲದಡಿ 2018ರಲ್ಲಿ ಸಿಕ್ಕಿದ, ಸುಮಾರು 28,000 ವರ್ಷ ಹಳೆಯ ಮರಿಯ ಮುಖದಲ್ಲಿ ಮೀಸೆಯ ಕೂದಲುಗಳು ಕೂಡ ಉಳಿದಿದ್ದವು.

ಅದೇ ಯಾಕೂತಿಯಾದಲ್ಲಿ 2020ರಲ್ಲಿ ದೊರೆತ ಇನ್ನೊಂದು ಮರಿ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಅದು ಸ್ಮೈಲೋಡಾನ್‌ನ ಬಳಗಕ್ಕೆ ಸೇರಿದ, ಕತ್ತಿಹಲ್ಲಿನದೇ ಆದ ಹೋಮೋಥೀರಿಯಮ್‌ನ ಮರಿ. ಸತ್ತಾಗ ಅದಕ್ಕೆ ಸುಮಾರು ಮೂರು ವಾರದ ಪ್ರಾಯ. ಅದೇ ಪ್ರಾಯದ ಸಿಂಹದ ಮರಿಯ ಪಕ್ಕದಲ್ಲಿಟ್ಟು ನೋಡಿದಾಗ ಅದರ ಕಿವಿಗಳು ಚಿಕ್ಕವು, ಬಾಯಿಯ ಸೀಳು ಅಗಲ, ಕುತ್ತಿಗೆ ಎರಡರಷ್ಟಕ್ಕಿಂತ ದಪ್ಪ. ಕೋರೆಹಲ್ಲುಗಳು ಬೆಳೆಯುವ ಮೊದಲೇ ಅದು ಬೇರೆ ವಂಶದ್ದೆಂದು ಎದ್ದು ಕಾಣುತ್ತಿತ್ತು.